ಗಿಡಗಳಿರುವ ಅಕ್ವೇರಿಯಂಗೆ ದೀಪ: ವ್ಯಾಟ್, ಲ್ಯೂಮೆನ್, ಕೆಲ್ವಿನ್, ಪಾರ್ – ಯಾವುದನ್ನು ನಂಬಬೇಕು?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಇದ್ದು, ಅದರಲ್ಲಿ ಅನುಬಿಯಾಸ್, ಜಾವಾ ಫರ್ನ್ ಮತ್ತು ಕ್ರಿಪ್ಟೊಕೊರೈನ್ ಗಿಡಗಳನ್ನು ಬೆಳೆಸುತ್ತಿದ್ದೇನೆ. ಕಾರ್ಬನ್ ಡೈಆಕ್ಸೈಡ್ ಕೊಡುತ್ತಿಲ್ಲ. ಎರಡು ತಿಂಗಳ ಹಿಂದೆ ಅಂಗಡಿಯವರ ಮಾತಿನಂತೆ 36 ವ್ಯಾಟ್‌ನ ಎಲ್‌ಇಡಿ ದೀಪ ತಂದು ದಿನಕ್ಕೆ 10 ಗಂಟೆ ಉರಿಸುತ್ತಿದ್ದೇನೆ. ಈಗ ಅನುಬಿಯಾಸ್‌ನ ಹಳೆಯ ಎಲೆಗಳ ಮೇಲೆ ಉಗುರಿನಿಂದ ಕೆರೆದರೂ ಬಿಡದ ಹಸಿರು ಚುಕ್ಕೆಗಳು ಮೂಡಿವೆ. ಎಲೆಯಂಚಿನಲ್ಲಿ ಕಪ್ಪು ಕೂದಲಿನಂಥ ಪಾಚಿ ಹಿಡಿದಿದೆ. ದೀಪದ ಪೆಟ್ಟಿಗೆಯ ಮೇಲೆ 3600 ಲ್ಯೂಮೆನ್, 6500 ಕೆಲ್ವಿನ್ ಎಂದಿದೆ. ಪರಿಚಯದವರೊಬ್ಬರು ‘ಪಾರ್’ ನೋಡಬೇಕು ಎನ್ನುತ್ತಾರೆ. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿಳಿಯುವುದು ಹೇಗೆ?

ಉತ್ತರ 1

ವ್ಯಾಟ್ ಎನ್ನುವುದು ದೀಪ ಬಳಸುವ ವಿದ್ಯುತ್ತಿನ ಲೆಕ್ಕವೇ ಹೊರತು ಅದು ಕೊಡುವ ಬೆಳಕಿನ ಲೆಕ್ಕವಲ್ಲ. ಒಂದು ಗ್ಯಾಲನ್ ನೀರಿಗೆ ಇಷ್ಟು ವ್ಯಾಟ್ ಎಂಬ ಹಳೆಯ ಸೂತ್ರ ಟ್ಯೂಬ್‌ಲೈಟ್ ಕಾಲದ್ದು. ಎಲ್‌ಇಡಿಗೆ ಅದನ್ನು ಹಚ್ಚಿದರೆ ಬೆಳಕು ಮಿತಿಮೀರುತ್ತದೆ.

ಲ್ಯೂಮೆನ್ ಮನುಷ್ಯನ ಕಣ್ಣಿಗಾಗಿ ಮಾಡಿದ ಅಳತೆ. ನಮ್ಮ ಕಣ್ಣು 555 ನ್ಯಾನೊಮೀಟರ್ ಸುತ್ತಲಿನ ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುವುದರಿಂದ ಲ್ಯೂಮೆನ್ ಲೆಕ್ಕದಲ್ಲಿ ಹಸಿರಿಗೆ ದೊಡ್ಡ ಪಾಲು ಸಿಗುತ್ತದೆ. ಪತ್ರಹರಿತ್ತು ಹೆಚ್ಚಾಗಿ ಹೀರಿಕೊಳ್ಳುವ ಕೆಂಪು ಮತ್ತು ನೀಲಿಗೆ ಸಿಗುವುದು ಅಲ್ಪ. ಗಿಡದ ದೃಷ್ಟಿಯಿಂದ ಅಳೆಯುವುದು ಪಾರ್: 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ (ಕಣಗಳನ್ನು ಎಣಿಸುವ ಒಂದು ಮಾನ) ಬೀಳುತ್ತವೆ ಎಂಬ ಎಣಿಕೆ. ಈ ಅಂಕಿಯನ್ನು ದೀಪದ ಕೆಳಗೇ ಅಲ್ಲ, ಗಿಡ ಬೇರೂರಿರುವ ತಳದಲ್ಲಿ ನೋಡಬೇಕು. ನಿಮ್ಮಲ್ಲಿರುವಂಥ ನಿಧಾನ ಬೆಳವಣಿಗೆಯ ಗಿಡಗಳಿಗೆ ತಳದಲ್ಲಿ 15ರಿಂದ 30 ಸಾಕು. ಸುಮಾರು 50 ದಾಟಿದ ಮೇಲೆ ಕಾರ್ಬನ್ ಡೈಆಕ್ಸೈಡ್ ಮತ್ತು ಗೊಬ್ಬರ ಕೊಡದಿದ್ದರೆ ಗಿಡ ಆ ಬೆಳಕನ್ನು ಬಳಸಿಕೊಳ್ಳಲಾರದು, ಪಾಚಿ ಬಳಸಿಕೊಳ್ಳುತ್ತದೆ.

ಕೆಲ್ವಿನ್ ಬೆಳಕಿನ ಛಾಯೆಯನ್ನಷ್ಟೇ ಹೇಳುತ್ತದೆ. ಕಣ್ಣಿಗೆ ಹಿತವಾದದ್ದನ್ನು ಆರಿಸಿಕೊಳ್ಳಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಪಾರ್ ಮೀಟರ್ ದುಬಾರಿ. ಒಂದು ಟ್ಯಾಂಕ್‌ಗಾಗಿ ಅದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಮೊಬೈಲ್‌ನಲ್ಲಿ ಲಕ್ಸ್ (ಒಂದು ಚದರ ಮೀಟರ್ ಮೇಲೆ ಬೀಳುವ ಲ್ಯೂಮೆನ್) ಅಳೆಯುವ ಆ್ಯಪ್ ಹಾಕಿಕೊಳ್ಳಿ. ರಾತ್ರಿ ಕೋಣೆಯ ಉಳಿದ ದೀಪಗಳನ್ನು ಆರಿಸಿ, ಟ್ಯಾಂಕ್‌ನ ದೀಪವನ್ನು ಮೇಜಿನ ಮೇಲೆ, ಅದು ಟ್ಯಾಂಕ್‌ನ ತಳದಿಂದ ಇರುವಷ್ಟೇ ಎತ್ತರದಲ್ಲಿ ನಿಲ್ಲಿಸಿ, ಮೊಬೈಲನ್ನು ಕೆಳಗೆ ಮಲಗಿಸಿ ನೋಡಿ. ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಸೆನ್ಸರ್ ಪರದೆಯ ಮೇಲ್ತುದಿಯಲ್ಲಿರುತ್ತದೆ. ಅಲ್ಲಿ ಬೆರಳಿನ ನೆರಳು ಬಿದ್ದರೂ ಅಂಕಿ ಇಳಿಯುತ್ತದೆ. ಬಿಳಿ ಎಲ್‌ಇಡಿಯಾದರೆ ಬಂದ ಲಕ್ಸನ್ನು ಸುಮಾರು 70ರಿಂದ ಭಾಗಿಸಿದರೆ ಪಾರ್‌ನ ಅಂದಾಜು ಸಿಗುತ್ತದೆ. ಬಿಸಿಲಿಗಾದರೆ ಭಾಜಕ 54. ಬರೀ ಕೆಂಪು-ನೀಲಿ ದೀಪಕ್ಕೆ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಲಕ್ಸ್ ಕೂಡ ಕಣ್ಣಿನ ಅಳತೆಯೇ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಅಳೆದೆ. ದೀಪದ ನಡುಭಾಗದ ಕೆಳಗೆ 5600 ಲಕ್ಸ್, ಮೂಲೆಯಲ್ಲಿ 2100. ಅಂದರೆ ಪಾರ್ 80 ಮತ್ತು 30. ಅನುಬಿಯಾಸ್ ಕಟ್ಟಿರುವ ಮರದ ತುಂಡು ಸರಿಯಾಗಿ ನಡುವಿನಲ್ಲೇ ಇದೆ, ಅದೂ ತಳಕ್ಕಿಂತ ಒಂದು ಗೇಣು ಮೇಲೆ.

ಉತ್ತರ 1

ಹಾಗಿದ್ದರೆ ಆ ಎಲೆಗಳಿಗೆ 80ಕ್ಕಿಂತಲೂ ಹೆಚ್ಚು ಬೆಳಕು ಬೀಳುತ್ತಿದೆ. ಹೊಸ ದೀಪ ಕೊಳ್ಳಬೇಕಿಲ್ಲ. ಡಿಮ್ಮರ್ ಇದ್ದರೆ ಮೂರನೆಯ ಒಂದು ಭಾಗಕ್ಕೆ ಇಳಿಸಿ. ಇಲ್ಲವಾದರೆ ದೀಪವನ್ನು ಒಂದು ಅಡಿಯಷ್ಟು ಮೇಲೆ ತೂಗುಹಾಕಿ ಮತ್ತೆ ಅಳೆಯಿರಿ. ಟೈಮರ್ ಹಾಕಿ ದಿನಕ್ಕೆ 6 ಗಂಟೆಗೆ ನಿಲ್ಲಿಸಿ. ಅನುಬಿಯಾಸ್ ಇರುವ ಮರದ ತುಂಡನ್ನು ಮೂಲೆಗೆ ಸರಿಸಿ. ಪಾಚಿ ಹಿಡಿದ ಹಳೆಯ ಎಲೆಗಳು ಮತ್ತೆ ಶುಭ್ರವಾಗುವುದು ಅಪರೂಪವಾದ್ದರಿಂದ ಅವನ್ನು ತೊಟ್ಟಿನ ಬುಡದಲ್ಲಿ ಕತ್ತರಿಸಿಬಿಡಿ, ಆದರೆ ಒಂದೇ ದಿನ ಎಲ್ಲವನ್ನೂ ಅಲ್ಲ, ವಾರಕ್ಕೆ ಎರಡರಂತೆ. ಮುಂದೆಂದಾದರೂ ನಮ್ಮ ದಕ್ಷಿಣ ಭಾರತದ್ದೇ ಆದ ರೊಟಾಲಾ ಮ್ಯಾಕ್ರಾಂಡ್ರಾದ ಕೆಂಪು ಎಲೆಗಳ ಮೇಲೆ ಮನಸ್ಸಾದರೆ ಈ ದೀಪ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಆಗಲೂ ಕಾರ್ಬನ್ ಡೈಆಕ್ಸೈಡ್ ವ್ಯವಸ್ಥೆ ಮೊದಲು, ಬೆಳಕು ಏರಿಸುವುದು ಆಮೇಲೆ.