ಗುರಿ ಒಂದೇ ಆದರೂ ಎರಡು ಪ್ರತಿಕಾಯಗಳ ವಿನ್ಯಾಸ ಬೇರೆ ಏಕೆ?

ಪ್ರಶ್ನೆ: ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಮತ್ತು ಅಡಾಲಿಮುಮ್ಯಾಬ್ ಎಂಬ ಪ್ರತಿಕಾಯಗಳು (ನಿರ್ದಿಷ್ಟ ಗುರಿಗೆ ಅಂಟುವ ಪ್ರೋಟೀನುಗಳು) ಎರಡೂ, ಉರಿಯೂತವನ್ನು ಹೆಚ್ಚಿಸುವ ಟಿಎನ್‌ಎಫ್ ಆಲ್ಫಾ ಎಂಬ ಒಂದೇ ಪ್ರೋಟೀನನ್ನು ತಡೆಯುತ್ತವೆ. ಹಾಗಿದ್ದ ಮೇಲೆ ಎರಡನೆಯದನ್ನು ರೂಪಿಸುವ ಅಗತ್ಯವೇನಿತ್ತು? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಇನ್‌ಫ್ಲಿಕ್ಸಿಮ್ಯಾಬ್‌ನಲ್ಲಿ ಗುರಿಯನ್ನು ಹಿಡಿಯುವ ಭಾಗ ಇಲಿಯ ಮೂಲದ್ದು, ಉಳಿದದ್ದು ಮನುಷ್ಯನದು. ಕೆಲವು ರೋಗಿಗಳ ದೇಹವು ಆ ಭಾಗವನ್ನು ಪರಕೀಯವೆಂದು ಗುರುತಿಸಿ ಔಷಧದ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುವುದರಿಂದ, ಅದು ರಕ್ತದಿಂದ ಬೇಗ ಕಣ್ಮರೆಯಾಗಿ ಪರಿಣಾಮ ತಗ್ಗುತ್ತದೆ. ಜೊತೆಯಲ್ಲಿ ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್ ಔಷಧವನ್ನು ಕೊಡಲು ಇದೂ ಒಂದು ಕಾರಣ. ಅಡಾಲಿಮುಮ್ಯಾಬ್ ಅನ್ನು ಫೇಜ್ ಡಿಸ್‌ಪ್ಲೇ ವಿಧಾನದಿಂದ, ಅಂದರೆ ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ವೈರಸ್‌ಗಳ ಮೇಲ್ಮೈಯಲ್ಲಿ ಪ್ರತಿಕಾಯದ ತುಣುಕುಗಳನ್ನು ಮೂಡಿಸಿ, ಗುರಿಗೆ ಬಿಗಿಯಾಗಿ ಅಂಟುವವುಗಳನ್ನು ಆರಿಸಿ, ಸಂಪೂರ್ಣ ಮಾನವ ರೂಪದಲ್ಲಿ ಪಡೆಯಲಾಯಿತು. ಅಮೆರಿಕದಲ್ಲಿ ಮೊದಲನೆಯದಕ್ಕೆ 1998ರಲ್ಲಿ ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಗೂ, ಎರಡನೆಯದಕ್ಕೆ 2002ರ ಕೊನೆಯಲ್ಲಿ ಸಂಧಿವಾತಕ್ಕೂ ಅನುಮತಿ ದೊರೆಯಿತು. ಫೇಜ್ ಡಿಸ್‌ಪ್ಲೇ ವಿಧಾನವನ್ನು ಪ್ರತಿಕಾಯಗಳಿಗೆ ಅಳವಡಿಸಿದ ಗ್ರೆಗರಿ ವಿಂಟರ್ 2018ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಉತ್ತರ 2: ಮೇಲಿನ ವಿವರಣೆ ಸರಿಯಾಗಿದೆ. ಆದರೆ ಸಂಪೂರ್ಣ ಮಾನವ ಎಂಬ ಮಾತಿಗೆ ಅತಿಯಾದ ಭರವಸೆ ಇಡಬಾರದು ಎಂಬುದು ನನ್ನ ಅಭಿಪ್ರಾಯ. ಗುರಿಯನ್ನು ಹಿಡಿಯುವ ಕುಣಿಕೆಗಳು ಪ್ರತಿಯೊಂದು ಪ್ರತಿಕಾಯಕ್ಕೂ ವಿಶಿಷ್ಟವಾಗಿರುವುದರಿಂದ, ಅಡಾಲಿಮುಮ್ಯಾಬ್ ವಿರುದ್ಧವೂ ಪ್ರತಿಕಾಯಗಳು ಹುಟ್ಟುವುದುಂಟು. ಇನ್ನೊಂದು ಸಂಗತಿಯನ್ನು ಯಾವ ವಿನ್ಯಾಸವೂ ಪೂರ್ತಿ ನಿವಾರಿಸಿಲ್ಲ: ಸುಪ್ತವಾಗಿರುವ ಕ್ಷಯವನ್ನು ಹತೋಟಿಯಲ್ಲಿಡಲು ದೇಹಕ್ಕೆ ಟಿಎನ್‌ಎಫ್ ಬೇಕು. ಆದ್ದರಿಂದ ಚಿಕಿತ್ಸೆಗೆ ಮೊದಲು ಕ್ಷಯದ ತಪಾಸಣೆ, ಭಾರತದಲ್ಲಂತೂ, ಅನಿವಾರ್ಯ.

ಉತ್ತರ 3: ಗುರಿಯನ್ನೇ ಬದಲಿಸುವ ದಾರಿಯೂ ಇದೆ. ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ ಸೋರಿಯಾಸಿಸ್ ಎಂಬ ಚರ್ಮರೋಗಕ್ಕಾಗಿ 2013ರಲ್ಲಿ ಮಾರುಕಟ್ಟೆಗೆ ತಂದ ಇಟೊಲಿಜುಮ್ಯಾಬ್ ಎಂಬ ಪ್ರತಿಕಾಯ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಮೇಲಿರುವ ಸಿಡಿ6 ಎಂಬ ಪ್ರೋಟೀನನ್ನು ಹಿಡಿಯುತ್ತದೆ.