ಒಂದೇ ಸೆಟ್ ಟಾಪ್ ಬಾಕ್ಸ್‌ಗೆ ಎರಡು ಟಿವಿ: ಅನುಭವ ಇದ್ದವರು ಹೇಳಿ

ಬೇಲೂರು ಕಡೆಯಿಂದ ಪ್ರಶ್ನೆ:

ನಮಸ್ಕಾರ. ನಮ್ಮದು ಹಳೇ ಹೆಂಚಿನ ಮನೆ. ಹಾಲ್‌ನಲ್ಲಿ ಟಿವಿ ಇದೆ, ಡಿಟಿಎಚ್ ಬಾಕ್ಸೂ ಅಲ್ಲೇ ಇದೆ. ಅಪ್ಪನಿಗೆ ಸೊಂಟದ ಆಪರೇಷನ್ ಆಗಿ ಹಿಂದಿನ ಕೋಣೆಯಲ್ಲೇ ಮಲಗಿರುತ್ತಾರೆ. ಅವರಿಗೆ ಬೇಜಾರಾಗಬಾರದು ಅಂತ ಅಲ್ಲೂ ಒಂದು ಟಿವಿ ಇಟ್ಟಿದ್ದೇವೆ. ಇರುವ ಬಾಕ್ಸ್‌ನಿಂದಲೇ ಅದಕ್ಕೂ ಕನೆಕ್ಷನ್ ಕೊಡಬಹುದಾ? ಮಧ್ಯೆ ಎರಡು ಗೋಡೆ ಇವೆ. ವೈರ್ ಎಳೆದರೆ ನಲವತ್ತು ಅಡಿ ಆಗುತ್ತೆ. ತಿಂಗಳು ತಿಂಗಳು ಇನ್ನೊಂದು ರೀಚಾರ್ಜ್ ಕಟ್ಟೋದು ಕಷ್ಟ.

ಸಕಲೇಶಪುರದಿಂದ:

ಕೊಡಬಹುದು. ಆದರೆ ಮೊದಲು ಮನೆಯಲ್ಲಿ ಕೇಳಿಕೊಳ್ಳಿ. ಎರಡೂ ಟಿವಿಯಲ್ಲಿ ಒಂದೇ ಚಾನೆಲ್ ಬಂದರೆ ಸಾಕಾ, ಬೇರೆ ಬೇರೆ ಬೇಕಾ? ಮಾಮೂಲಿ ಬಾಕ್ಸ್ ಒಂದು ಸಲಕ್ಕೆ ಒಂದೇ ಚಾನೆಲ್ ಹೊರಗೆ ಬಿಡುತ್ತದೆ. ಎಂಥ ವೈರ್ ಹಾಕಿದರೂ ಅದು ಬದಲಾಗುವುದಿಲ್ಲ. ಹಾಲ್‌ನಲ್ಲಿ ಸೀರಿಯಲ್ ಹಾಕಿದರೆ ಅಪ್ಪನ ಕೋಣೆಯಲ್ಲೂ ಅದೇ ಸೀರಿಯಲ್.

ಒಂದೇ ಚಾನೆಲ್ ಸಾಕು ಅಂದರೆ ಖರ್ಚು ಕಮ್ಮಿ. ಬಾಕ್ಸ್ ಹಿಂದೆ ನೋಡಿ. ಎಚ್‌ಡಿಎಂಐ ಜೊತೆಗೆ ಎವಿ ಔಟ್ ಕೂಡ ಇದ್ದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಎಚ್‌ಡಿಎಂಐ ಹಾಲ್ ಟಿವಿಗೆ, ಎವಿ ಕೋಣೆಯ ಟಿವಿಗೆ. ಹಳದಿ ಪಿನ್ನು ಚಿತ್ರಕ್ಕೆ, ಕೆಂಪು ಬಿಳಿ ಧ್ವನಿಗೆ. ಕೆಲವು ಬಾಕ್ಸ್‌ಗಳಲ್ಲಿ ಮೂರು ತೂತಿನ ಬದಲು ಇಯರ್‌ಫೋನ್ ಹಾಕುವಂಥ ಒಂದೇ ತೂತು ಇರುತ್ತದೆ. ಅದಕ್ಕೆ ಬಾಕ್ಸ್ ಜೊತೆ ಬಂದ ಕೇಬಲ್ಲೇ ಹಾಕಿ. ಬೇರೆಯದರಲ್ಲಿ ಒಳಗಿನ ಜೋಡಣೆ ಬೇರೆ ಇದ್ದು ಚಿತ್ರವೇ ಬರದೆ ಹೋಗಬಹುದು. ಎವಿಯಲ್ಲಿ ಎಚ್‌ಡಿಯಷ್ಟು ಸ್ಪಷ್ಟ ಇರಲ್ಲ, ಆದರೆ ಚಿಕ್ಕ ಟಿವಿಗೆ ಧಾರಾಳ ಸಾಕು. ನಲವತ್ತು ಅಡಿಗೆ ಆ ತೆಳ್ಳನೆ ರೆಡಿಮೇಡ್ ವೈರ್ ಬೇಡ, ಚಿತ್ರ ಮಂಕಾಗುತ್ತದೆ. ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್‌ಗೇ ಎರಡೂ ಕಡೆ ಆರ್‌ಸಿಎ ಪಿನ್ (ಆ ಹಳದಿ, ಕೆಂಪು, ಬಿಳಿ ಥರದ್ದೇ) ಹಾಕಿಸಿ.

ಎರಡೂ ಕಡೆ ಎಚ್‌ಡಿಯೇ ಬೇಕು ಅಂದರೆ ಎಚ್‌ಡಿಎಂಐ ಸ್ಪ್ಲಿಟರ್ ತಗೊಳ್ಳಿ. ಒಂದು ಕಡೆ ಒಳಗೆ, ಎರಡು ಕಡೆ ಹೊರಗೆ, ಜೊತೆಗೆ ಅದರದೇ ಅಡಾಪ್ಟರ್ ಇರುವಂಥದ್ದು. ಅಂಗಡಿಯಲ್ಲಿ ನೋಡಲು ಅದೇ ಥರ ಇರುವ ಸ್ವಿಚ್ ಕೂಡ ಸಿಗುತ್ತದೆ. ಅದು ಉಲ್ಟಾ: ಎರಡು ಬಾಕ್ಸನ್ನು ಒಂದು ಟಿವಿಗೆ ಹಾಕೋದಕ್ಕೆ. ಡಬ್ಬಿ ಮೇಲೆ ಓದಿಯೇ ದುಡ್ಡು ಕೊಡಿ. ಎಲ್ಲ ಸರಿ ಇದ್ದೂ ಪರದೆ ಕಪ್ಪಗಿದ್ದರೆ ಆ ಸ್ಪ್ಲಿಟರ್‌ಗೆ ಎಚ್‌ಡಿಸಿಪಿ ಹೊಂದುತ್ತಿಲ್ಲ ಅಂತ ಅನುಮಾನ ಪಡಿ, ಕಾಪಿ ಮಾಡದಂತೆ ಹಾಕಿರುವ ಬೀಗ ಅದು. ಒಂದು ಟಿವಿ ಹಳೇದಾಗಿದ್ದರೆ ಇನ್ನೊಂದರ ಚಿತ್ರವೂ ಅದರ ಮಟ್ಟಕ್ಕೆ ಇಳಿಯಬಹುದು.

ಚಿಕ್ಕಮಗಳೂರಿನಿಂದ:

ಮೇಲಿನವರು ರಿಮೋಟ್ ವಿಷಯ ಬಿಟ್ಟರು. ನಮ್ಮ ಮನೆಯಲ್ಲಿ ಅತ್ತೆ ಪ್ರತಿ ಸಲ ಚಾನೆಲ್ ಬದಲಿಸಲು "ಪುಟ್ಟೀ" ಅಂತ ಕೂಗಬೇಕಿತ್ತು. ರಿಮೋಟ್‌ನ ಬೆಳಕು ಗೋಡೆ ದಾಟಲ್ಲ ಅಲ್ವಾ! ಆಮೇಲೆ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿಸಿದೆವು. ಎರಡು ಪುಟ್ಟ ಡಬ್ಬಿ, ಮಧ್ಯೆ ಕ್ಯಾಟ್-6 ಲ್ಯಾನ್ ಕೇಬಲ್. ಕೋಣೆಯ ಡಬ್ಬಿಯಿಂದ ಒಂದು ಸಣ್ಣ ಕಣ್ಣು ಹೊರಗೆ ಬರುತ್ತದೆ, ಅದನ್ನು ಟಿವಿ ಕೆಳಗೆ ಅಂಟಿಸಬೇಕು. ಅದರ ಜೋಡಿ ತುದಿ ಹಾಲ್‌ನ ಬಾಕ್ಸ್ ಮುಂದೆ. ಅತ್ತೆ ಮಂಚದಿಂದಲೇ ಒತ್ತುತ್ತಾರೆ, ಹಾಲ್‌ನಲ್ಲಿ ಬಾಕ್ಸ್ ಕೇಳುತ್ತದೆ. ತಗೊಳ್ಳುವಾಗ ಐಆರ್, ಅಂದರೆ ರಿಮೋಟ್‌ನ ಬೆಳಕನ್ನು ಆಚೆ ಮುಟ್ಟಿಸುವ ಈ ಸೌಲಭ್ಯ, ಇರುವುದನ್ನೇ ಕೇಳಿ, ಎಲ್ಲದರಲ್ಲೂ ಇರಲ್ಲ. ಟಿವಿಗೆ ಹೋಗುವ ಎಚ್‌ಡಿಎಂಐ ಅನ್ನು ಹಾಲ್‌ನ ಡಬ್ಬಿಗೆ ಹಾಕುವುದರಿಂದ, ಅದರಲ್ಲಿ ಹಾಲ್ ಟಿವಿಗೆ ಇನ್ನೊಂದು ಔಟ್ ಇರುವ ಮಾಡೆಲ್ ಆದರೆ ಸ್ಪ್ಲಿಟರ್ ಖರ್ಚೂ ಉಳಿಯುತ್ತದೆ.

ಹಾಸನದಲ್ಲಿ ಡಿಶ್ ಕೆಲಸ ಮಾಡುವವರಿಂದ:

ಒಂದು ಎಚ್ಚರಿಕೆ. ಡಿಶ್‌ನಿಂದ ಬರುವ ಕೇಬಲ್ ಕತ್ತರಿಸಿ, ಕೇಬಲ್ ಟಿವಿಯವರ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್‌ಗೆ ಕೊಡುವ ಕೆಲಸ ಹಳ್ಳಿಗಳಲ್ಲಿ ಜಾಸ್ತಿ ನೋಡುತ್ತೇನೆ. ದಯವಿಟ್ಟು ಮಾಡಬೇಡಿ. ಆ ಕೇಬಲ್‌ನಲ್ಲಿ ಸಿಗ್ನಲ್ ಕೆಳಗೆ ಬರುವುದಷ್ಟೇ ಅಲ್ಲ, ಬಾಕ್ಸ್‌ನಿಂದ ಕರೆಂಟೂ ಮೇಲಕ್ಕೆ ಹೋಗುತ್ತದೆ. 13 ವೋಲ್ಟ್ ಹೋದರೆ ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ಒಂದು ಗುಂಪಿನ ಚಾನೆಲ್ ಕೊಡುತ್ತದೆ, 18 ವೋಲ್ಟ್ ಹೋದರೆ ಇನ್ನೊಂದು ಗುಂಪು. ಒಂದು ಬಾಕ್ಸ್ 13, ಇನ್ನೊಂದು 18 ಕಳಿಸಿದರೆ ಎಲ್‌ಎನ್‌ಬಿ ಯಾರ ಮಾತು ಕೇಳಬೇಕು? ಒಬ್ಬರಿಗೆ "ನೋ ಸಿಗ್ನಲ್" ಗ್ಯಾರಂಟಿ. ಎರಡು ಬಾಕ್ಸ್ ಇಡುವುದಾದರೆ ಎರಡು ಔಟ್ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಪ್ರತಿ ಬಾಕ್ಸ್‌ಗೂ ಬೇರೆ ಕೇಬಲ್ ಎಳೆಸಿ. ಡಿಶ್ ಒಂದೇ ಸಾಕು.

ರೀಚಾರ್ಜ್ ಬಗ್ಗೆ: ಎರಡನೇ ಟಿವಿಗೆ ನೆಟ್‌ವರ್ಕ್ ಶುಲ್ಕ ಮೊದಲ ಟಿವಿಯ ಶೇ. 40 ದಾಟಬಾರದು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2020ರಲ್ಲಿ ನಿಯಮ ಮಾಡಿತ್ತು. 2024ರಲ್ಲಿ ಈ ಶುಲ್ಕದ ಮಿತಿ ತೆಗೆದು ಕಂಪನಿಗಳಿಗೇ ಬಿಟ್ಟಿತು. ಹಾಗಾಗಿ ಹಳೇ ಲೆಕ್ಕ ನಂಬಬೇಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮಲ್ಟಿ ಟಿವಿ ದರ ಕೇಳಿ. ಅದರ ಮೇಲೆ ಪೇ ಚಾನೆಲ್ ದುಡ್ಡು ಬೇರೆ ಇರುತ್ತದೆ.

ಬೇಲೂರಿನವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಪ್ಪನ್ನ ಕೇಳಿದೆ. ಅವರಿಗೆ ಬೇಕಾಗಿರೋದು ಚಂದನ, ವಾರ್ತೆ, ಕೃಷಿ ಕಾರ್ಯಕ್ರಮ ಅಷ್ಟೇ. ಆದರೆ ಸಂಜೆ ಹೊತ್ತು ಅಮ್ಮ ಹಾಲ್‌ನಲ್ಲಿ ಸೀರಿಯಲ್ ಬಿಡಲ್ಲ. "ನಿಮ್ಮಮ್ಮ ನೋಡ್ಲಿ ಬಿಡು, ನಾನು ರೇಡಿಯೋ ಕೇಳ್ತೀನಿ" ಅಂದರು. ಅದು ನನಗೆ ಇಷ್ಟ ಆಗಲಿಲ್ಲ.

ಮೂಡಿಗೆರೆಯಿಂದ:

ಹಾಗಾದರೆ ವೈರ್ ಎಳೆಯುವ ತಲೆನೋವೇ ಬೇಡ. ಅಪ್ಪನ ಕೋಣೆಗೆ ಡಿಡಿ ಫ್ರೀ ಡಿಶ್ ಹಾಕಿಸಿ. ಡಿಶ್, ಬಾಕ್ಸ್‌ಗೆ ಒಂದು ಸಲ ಖರ್ಚು, ಆಮೇಲೆ ರೀಚಾರ್ಜೇ ಇಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿದ್ದು ಇದೇ. ಚಂದನ ಬರುತ್ತದೆ. ಬಾಕ್ಸ್ ಎಂಪೆಗ್-4 ತಗೊಳ್ಳಿ, ಹಳೇ ಎಂಪೆಗ್-2 ಚಾನೆಲ್‌ಗಳನ್ನೂ ಅದು ತೋರಿಸುತ್ತದೆ.

ಅದರ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ನಮ್ಮ ಜಿಲ್ಲೆಗಳಿಂದ ಅದು ಆಗ್ನೇಯಕ್ಕೆ, ಸಾಕಷ್ಟು ಮೇಲೆ ಬೀಳುತ್ತದೆ. ಅಂಗಳದಲ್ಲಿ ನಿಂತು ಆ ದಿಕ್ಕು ನೋಡಿ. ಸಿಲ್ವರ್ ಓಕ್ ಕೊಂಬೆ ಅಡ್ಡ ಇದ್ದರೆ ಈಗಲೇ ಕಡಿಸಿ. ಬೇಸಿಗೆಯಲ್ಲಿ ಬಂದ ಚಿತ್ರ ಎಲೆ ಚಿಗುರಿದ ಮೇಲೆ ಹೋಗುತ್ತದೆ, ಬಾಕ್ಸ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಕೊಪ್ಪದಿಂದ:

ಮಳೆ ಕಡೆಯವರ ಮಾತು ಒಂದೆರಡು. ಆರಿದ್ರೆ, ಪುನರ್ವಸು ಜೋರಾಗಿ ಹೊಡೆಯುವಾಗ ಚಿತ್ರ ಹೋದರೆ ಗಾಬರಿ ಬೇಡ, ಮಳೆ ತಗ್ಗಿದ ಮೇಲೆ ತಾನೇ ಬರುತ್ತದೆ. ಮಳೆ ನಿಂತರೂ ಬರದಿದ್ದರೆ ಎಲ್‌ಎನ್‌ಬಿ ಹತ್ತಿರದ ಪಿನ್ ಬಿಚ್ಚಿ ನೋಡಿ. ಒಳಗಿನ ತಾಮ್ರದ ತಂತಿ ಹಸಿರು ಕಟ್ಟಿದ್ದರೆ ನೀರು ಇಳಿದಿದೆ ಅಂತ. ಆ ತುಂಡು ಕತ್ತರಿಸಿ ಹೊಸ ಪಿನ್ ಹಾಕಿ, ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ನುಗ್ಗುವ ಮೊದಲು ಸ್ವಲ್ಪ ಕೆಳಗೆ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸಿಡಿಲು ಮಾತ್ರ ಹಗುರ ಮಾಡಬೇಡಿ. ನಮ್ಮ ಕಡೆ ಕಾಫಿಯ ಹೂಮಳೆ ಬೀಳುವಾಗಲೇ ಗುಡುಗು ಶುರು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು, ಡಿಶ್ ಕೇಬಲ್ ಕೂಡ ಬಾಕ್ಸ್‌ನಿಂದ ಬಿಚ್ಚಬೇಕು. ಗುಡುಗು ಹತ್ತಿರ ಬಂದ ಮೇಲೆ ಮುಟ್ಟಬೇಡಿ, ಮೋಡ ಕವಿದಾಗಲೇ ಬಿಚ್ಚಿಡಿ. ನಿಮ್ಮ ಅಪ್ಪ ಎದ್ದು ಹೋಗಿ ಕೀಳಲು ಆಗಲ್ಲ. ಹಾಗಾಗಿ ಪ್ಲಗ್ ಪಾಯಿಂಟ್ ಮಂಚದ ಹಿಂದೆ ಬೇಡ. ಬಾಗಿಲ ಪಕ್ಕದಲ್ಲಿ ಮಾಡಿಸಿ, ಮನೆಯಲ್ಲಿ ಯಾರಿದ್ದರೂ ತಕ್ಷಣ ಕೈಗೆ ಸಿಗುವ ಹಾಗೆ.