ಆರು ವರ್ಷದ ಮಗುವಿಗೆ ಈಜಿಪ್ಟ್ ಹೇಗೆ ಹೇಳಿಕೊಡೋದು? ನಿಮ್ಮ ಅನುಭವ ಹೇಳಿ

ಮೈಸೂರಿನ ಅಮ್ಮ:
ಮಗಳಿಗೆ ಆರು, ಮಗನಿಗೆ ಒಂಬತ್ತು. ದಸರಾ ರಜೆಯಲ್ಲಿ ಪ್ರಾಚೀನ ಈಜಿಪ್ಟ್ ಬಗ್ಗೆ ಏನಾದರೂ ಮಾಡಿಸೋಣ ಅಂತಿದ್ದೇನೆ. ಮಗಳಿಗೆ ಹೆಣ ಅಂದರೆ ಭಯ. ಜಾಸ್ತಿ ಖರ್ಚು ಮಾಡೋ ಹಾಗಿಲ್ಲ. ಮಾಡಿ ನೋಡಿದವರು ಹೇಳಿ.

ಕುಡ್ಲದ ಅಪ್ಪ:
ನಾವು ಬಂಗುಡೆಯನ್ನೇ ಮಮ್ಮಿ (ಕೊಳೆಯದ ಹಾಗೆ ಒಣಗಿಸಿಟ್ಟ ದೇಹ) ಮಾಡಿದೆವು. ಈಜಿಪ್ಟಿನವರು ಬೆಕ್ಕು, ಐಬಿಸ್ ಹಕ್ಕಿ, ಮೀನನ್ನೂ ಮಮ್ಮಿ ಮಾಡುತ್ತಿದ್ದರು. ಅವರು ಬಳಸಿದ್ದು ನೇಟ್ರಾನ್ ಅನ್ನೋ ನೈಸರ್ಗಿಕ ಉಪ್ಪು. ನಮಗೆ ಸಿಗೋದು ಅಡುಗೆ ಸೋಡಾ, ಕಲ್ಲುಪ್ಪು. ಖರ್ಚು ಕೇಳಿ: ಬಂಗುಡೆ 60 ರೂಪಾಯಿ, ಸಗಟು ಅಂಗಡಿಯಲ್ಲಿ ಸೋಡಾ 180, ಉಪ್ಪು 40, ಡಬ್ಬಿ 120. ಜುಲೈ ತಿಂಗಳು, ಹೊರಗೆ ಜಡಿಮಳೆ. ಸೋಡಾ ಬೇಗನೇ ನೀರು ಹೀರಿ ಗಂಟುಗಂಟಾಯ್ತು. ಎಸೆದು ಹೊಸದು ಹಾಕಿದೆವು, ಮತ್ತೆ 180. ಹೊಟ್ಟೆಯೊಳಗೆ ತುಂಬಿದ್ದು ಕಂದು ಬಣ್ಣಕ್ಕೆ ತಿರುಗಿತು, ಕಣ್ಣು ಒಳಗೆ ಇಳಿಯಿತು. ಇನ್ನೊಮ್ಮೆ ಬದಲಿಸಿದೆವು, ಮತ್ತೂ 180. ವಾಸನೆ ಅಂತ ಅಪಾರ್ಟ್‌ಮೆಂಟಿನವರು ದೂರು ಕೊಟ್ಟರು, ಡಬ್ಬಿ ಟೆರೇಸಿಗೆ ಹೋಯ್ತು. ಸುತ್ತೋಕೆ ಬ್ಯಾಂಡೇಜ್ ಬಟ್ಟೆ 60. ಒಟ್ಟು 820. ಆದರೆ ಮೀನು ಮರದ ಚಕ್ಕೆಯ ಹಾಗೆ ಒಣಗಿತು! ಮಗ ತಾನಾಗೇ ಕೇಳಿದ, "ಅಲ್ಲಿ ಮಳೆ ಬರಲ್ವಾ ಪಪ್ಪ?" ಮರಳಲ್ಲಿ ಹೂತ ಹೆಣ ಸುಮ್ನೆ ಒಣಗಿ ಉಳಿಯುತ್ತಿದ್ದ ನಾಡು ಅಂತ ಆಗ ಹೇಳಿದೆ. ಪುಸ್ತಕ ಓದಿಸಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

ಬಸವನಗುಡಿ ತಾಯಿ:
ಮಗುವಿಗೆ ಹೆಣ ಅಂದರೆ ಭಯ ಅಂತ ಬರೆದಿದ್ದಾರೆ, ನೀವು ಮೀನು ಕೊಯ್ಯಿಸ್ತೀರಾ? ನಾವು ಟೊಮೇಟೊ ಇಟ್ಟೆವು, ಚೆನ್ನಾಗೇ ಒಣಗಿತು. ನನ್ನ ಮಗಳಿಗೆ ನಾಟಿದ್ದು ಮಾತ್ರ ಹೃದಯ ತೂಗುವ ಕತೆ. ತಕ್ಕಡಿಯ ಒಂದು ಕಡೆ ಸತ್ತವನ ಹೃದಯ, ಇನ್ನೊಂದು ಕಡೆ ಸತ್ಯ, ನ್ಯಾಯದ ದೇವಿ ಮಾತ್‌ಳ ಗರಿ. ನರಿ ಮುಖದ ಅನುಬಿಸ್ ತೂಗುತ್ತಾನೆ, ಲಿಪಿಕಾರ ದೇವರು ಥೋತ್ ಬರೆದುಕೊಳ್ಳುತ್ತಾನೆ. ಹೃದಯ ಭಾರವಾದರೆ ಮೊಸಳೆ ತಲೆಯ ಅಮ್ಮಿತ್ ನುಂಗುತ್ತಾಳೆ. ಪಕ್ಕದಲ್ಲಿದ್ದ ನಮ್ಮತ್ತೆ, "ಚಿತ್ರಗುಪ್ತನ ಲೆಕ್ಕ ಅಲ್ವಾ ಇದು" ಅಂದರು. ಮಗಳ ಭಯ ಅಲ್ಲಿಗೆ ಹೋಯ್ತು.

ಕುಡ್ಲದ ಅಪ್ಪ:
ಮೊಸಳೆ ಹೃದಯ ನುಂಗೋದು ಆಗುತ್ತೆ, ಮೀನು ಕೊಯ್ಯೋದು ಆಗಲ್ವಾ ಅಕ್ಕ? ನಮ್ಮ ಮಕ್ಕಳು ದಿನಾ ನೋಡ್ತಾರೆ. ಹೆದರಿಕೆ ದೊಡ್ಡವರದ್ದು.

ಹುಬ್ಬಳ್ಳಿಯವ:
ಆನ್‌ಲೈನ್ ಕ್ಲಾಸಿಗೆ ಮಾತ್ರ ರೊಕ್ಕ ಹಾಕಬ್ಯಾಡ್ರಿ. 4,800 ಕಟ್ಟಿದೆ. ಮೊದಲ ಪಾಠದಲ್ಲೇ "ಗುಲಾಮರನ್ನು ಹೊಡೆದು ಪಿರಮಿಡ್ ಕಟ್ಟಿಸಿದರು" ಅಂದರು. ಹಣ ವಾಪಸ್ ಕೇಳಿದರೆ ಉತ್ತರವೇ ಇಲ್ಲ. ಮೂರು ಮೇಲ್ ಹಾಕಿದೆ, ಫೋನ್ ಎತ್ತಲಿಲ್ಲ. ಗುಲಾಮರಲ್ಲ ರೀ, ಪಿರಮಿಡ್ ಇರೋ ಗೀಜಾದಲ್ಲಿ ಕೆಲಸಗಾರರ ಗೋರಿಗಳು 1990ರಲ್ಲೇ ಸಿಕ್ಕಿವೆ. ಮುರಿದು, ಸರಿಯಾಗಿ ಕೂಡಿಕೊಂಡ ಮೂಳೆಗಳಿವೆ, ಅಂದರೆ ಅವರಿಗೆ ಆರೈಕೆ ಇತ್ತು. ಕೂಲಿಗೆ ರೊಟ್ಟಿ, ಬಿಯರ್. ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ಸಿಕ್ಕ, ಜೊಂಡಿನ ಹಾಳೆಯಾದ ಪಪೈರಸ್‌ನಲ್ಲಿ ಮೇರೆರ್ ಅನ್ನೋ ಮೇಸ್ತ್ರಿಯ ದಿನಚರಿಯೇ ಇದೆ. ತುರಾ ಅನ್ನೋ ಕಲ್ಲುಗಣಿಯಿಂದ ಸುಣ್ಣಕಲ್ಲು ತುಂಬಿ, ದೋಣಿಯಲ್ಲಿ ಖುಫು ರಾಜನ ಪಿರಮಿಡ್‌ಗೆ ಸಾಗಿಸಿದ್ದು ಬರೆದಿದ್ದಾನೆ. ನಾನು ಮಗನನ್ನ ಮೇರೆರ್ ಮಾಡಿದೆ. ಹಿತ್ತಲಿನ ಇಟ್ಟಿಗೆ, ಹಳೇ ಬುಟ್ಟಿ, ಒಂದು ನೋಟ್‌ಬುಕ್. ದಿನಾ ರಾತ್ರಿ "ಇವತ್ತು ಎಷ್ಟು ಕಲ್ಲು" ಅಂತ ಬರೀತಾನೆ. ಖರ್ಚು ಸೊನ್ನೆ.

ನಿವೃತ್ತ ಮೇಷ್ಟ್ರು:
ಮೊದಲು ಕನ್ನಡದ ನಂಟು ಹೇಳಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ. ಗೋವಿಂದ ಪೈಗಳು ಇದರ ಬಗ್ಗೆ ಬರೆದಿದ್ದಾರೆ. ನನ್ನ ತರಗತಿಯಲ್ಲಿ ಇದನ್ನು ಕೇಳಿದ ಮಕ್ಕಳು ಎದೆ ಉಬ್ಬಿಸಿ ಮನೆಗೆ ಹೋಗುತ್ತಿದ್ದರು.

ಹುಬ್ಬಳ್ಳಿಯವ:
ಮೇಷ್ಟ್ರೇ, ಅದು ರೋಮನ್ನರ ಕಾಲದ್ದು. ಖುಫುವಿಗೂ ಅದಕ್ಕೂ 2,500 ವರ್ಷಕ್ಕಿಂತ ಜಾಸ್ತಿ ಅಂತರ. ಅದು ಕನ್ನಡವೇ ಅಂತ ಎಲ್ಲರೂ ಒಪ್ಪಿಲ್ಲ. ಮಕ್ಕಳ ತಲೆಯಲ್ಲಿ ಎರಡನ್ನೂ ಕಲಸಬ್ಯಾಡ್ರಿ.

ದುಬೈ ಕನ್ನಡತಿ:
ನಾವು ಕೈರೋಗೇ ಕರೆದುಕೊಂಡು ಹೋದೆವು. ಆವರಣಕ್ಕೆ ಒಂದು ಟಿಕೆಟ್, ಪಿರಮಿಡ್ ಒಳಗೆ ಹೋಗೋಕೆ ಬೇರೆ. ಒಂಟೆಯವನು ಹತ್ತಿಸೋಕೆ ಒಂದು ರೇಟು ಹೇಳಿದ, ಇಳಿಸೋಕೆ ಇನ್ನೊಂದು. ಇವರು ಅಲ್ಲೇ ಜಗಳಕ್ಕೆ ನಿಂತರು. ಒಳಗಿನ ಏರುದಾರಿ ಎಷ್ಟು ತಗ್ಗು ಅಂದರೆ ನಾವು ಸೊಂಟ ಬಗ್ಗಿಸಿಯೇ ಹತ್ತಿದೆವು, ಐದು ವರ್ಷದ ಮಗಳು ನೆಟ್ಟಗೆ ನಡೆದಳು. ಮೇಲೆ ರಾಜನ ಕೋಣೆಯಲ್ಲಿ ಮುಚ್ಚಳವಿಲ್ಲದ ಗ್ರಾನೈಟ್ ಪೆಟ್ಟಿಗೆ. ಒಂದು ಮೂಲೆ ಒಡೆದಿದೆ, ಒಳಗೆ ಏನೂ ಇಲ್ಲ. "ರಾಜ ಎಲ್ಲಿ?" ಅಂತ ಅಳೋಕೆ ಶುರು ಮಾಡಿದಳು. ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿ ತುತಾಂಖಾಮುನ್‌ನ ಚಿನ್ನದ ಮುಖವಾಡ ನೋಡಿದ ಮೇಲೆ ಸಮಾಧಾನ. ಅವನು ರಾಜ ಆಗಿದ್ದು ಸುಮಾರು ಒಂಬತ್ತನೇ ವಯಸ್ಸಿಗೆ. ಒಂದೊಂದು ದುಡ್ಡೂ ಸಾರ್ಥಕ.

ಕುಡ್ಲದ ಅಪ್ಪ:
ಖರ್ಚು ಮಾಡೋ ಹಾಗಿಲ್ಲ ಅಂದವರಿಗೆ ಕೈರೋ ಹೇಳ್ತೀರಲ್ಲ! ಹೈದರಾಬಾದಿನ ರಾಜ್ಯ ಮ್ಯೂಸಿಯಂನಲ್ಲೇ ನೈಶು ಅನ್ನೋ ಹುಡುಗಿಯ ನಿಜವಾದ ಮಮ್ಮಿ ಇದೆ.

ಬಸವನಗುಡಿ ತಾಯಿ:
ಮತ್ತೆ ಹೆಣಾನೇ! ಮಗುವಿಗೆ ಭಯ ಅಂತ ಎಷ್ಟು ಸಲ ಹೇಳಬೇಕು ನಿಮಗೆ?

ದುಬೈ ಕನ್ನಡತಿ:
ಅನುಭವ ಕೇಳಿದರು, ಹೇಳಿದೆ. ನಾವು ಎರಡು ವರ್ಷ ಊರಿಗೆ ಬರದೆ ಉಳಿಸಿದ ದುಡ್ಡು ಅದು.

ನಿವೃತ್ತ ಮೇಷ್ಟ್ರು:
ಹುಬ್ಬಳ್ಳಿಯವರೇ, ಒಪ್ಪದವರು ಇದ್ದೇ ಇರ್ತಾರೆ. ಹುಲ್ಟ್ಸ್ ಅನ್ನೋ ಜರ್ಮನ್ ವಿದ್ವಾಂಸರು 1904ರಲ್ಲೇ ಅದನ್ನು ಕನ್ನಡ ಅಂದಿದ್ದಾರೆ. ಪಪೈರಸ್ ಸಂಖ್ಯೆ 413. ಓದಿಕೊಂಡು ಬನ್ನಿ, ಆಮೇಲೆ ಮಾತಾಡೋಣ.